ಪರದೇಶದ ವಿದ್ಯೆಯೂ ತೋರಿಕೆಯ ಹಣವೂ



ನಮ್ಮ ಹಿಂದಿನ ತಲೆಯವರಿಗೆ ಧಾರವಾಡವೇ ದೂರದ ಊರಾಗಿತ್ತು. ಈಗಲಾದರೋ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಗಳ ಯೌವನಸ್ಥರಲ್ಲಿ ಜರ್ಮನಿ, ಇಂಗ್ಲಂಡು, ಕೆನಡಾ ಮುಂತಾದ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಕಲಿಯಬೇಕೆಂಬ ಅಪೇಕ್ಷೆಯುಳ್ಳವರು ಇದ್ದಾರೆ. ಈ ಅಪೇಕ್ಷೆಯು ನಿಂದ್ಯವಾದದ್ದಲ್ಲ. ನೇಕಾರನ ಮಗಳೂ ಕಲ್ಲಿನ ಖಣಿಯಲ್ಲಿ ದುಡಿಯುವವನ ಮಗನೂ ದೊಡ್ಡ ವಿದ್ಯೆಯನ್ನು ಆಶಿಸುವದು ನಾವೆಲ್ಲರೂ ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಈ ಪ್ರಯಾಣದ ಸಿದ್ಧತೆಯಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಅದನ್ನು ಮನೆಯ ಒಳಗೇ ಮೆಲ್ಲನೆ ಮಾತಾಡಿ ಮುಗಿಸುವವರು ಬಹಳ. ಅದನ್ನೇ ಇಲ್ಲಿ ಬಹಿರಂಗವಾಗಿ ವಿಚಾರಿಸುವೆವು.

ಪ್ರಶ್ನೆ ಏನಂದರೆ: ಪರದೇಶದ ಸರಕಾರವು ವೀಸಾ ಕೊಡುವದಕ್ಕೆ ಮೊದಲು, ನಿನ್ನ ಶುಲ್ಕಕ್ಕೂ ಊಟಕ್ಕೂ ಬಾಡಿಗೆಗೂ ಹಣ ಉಂಟೋ ಎಂದು ಕೇಳುತ್ತದೆ. ಮನೆಯಲ್ಲಿ ಅಷ್ಟು ಹಣವಿಲ್ಲ. ಆಗ ಸೋದರಮಾವನಿಂದಲೋ ಸಾವಕಾರನಿಂದಲೋ ಒಂದೆರಡು ತಿಂಗಳ ಮಟ್ಟಿಗೆ ಹಣ ತಂದು, ತಂದೆಯ ಖಾತೆಯಲ್ಲಿಟ್ಟು, ಬ್ಯಾಂಕಿನ ಕಾಗದವನ್ನು ಕಳುಹಿಸಿ, ವೀಸಾ ಕೈಗೆ ಬಂದ ಕೂಡಲೇ ಹಣವನ್ನು ತಿರುಗಿ ಕೊಟ್ಟುಬಿಡುವದುಂಟು. ಹೀಗೆ ಮಾಡುವದು ಸುಳ್ಳೋ, ಅಲ್ಲವೋ?

ಮೊದಲು ಆ ನಿಯಮದ ಉದ್ದೇಶವನ್ನು ತಿಳುಕೊಳ್ಳೋಣ. ಜರ್ಮನಿಗೆ ಹೋಗುವ ವಿದ್ಯಾರ್ಥಿಯು ಸಾಮಾನ್ಯವಾಗಿ ಅಲ್ಲಿಯ ಒಂದು ತಡೆಖಾತೆಯಲ್ಲಿ ಒಂದು ವರುಷದ ಜೀವನದ ಹಣವನ್ನು ಮುಂದಾಗಿ ಇಡಬೇಕು. 2024ನೇ ಇಸವಿಯ ಸಪ್ಟಂಬರದಿಂದ ಈ ಮೊತ್ತವು 11,904 ಯೂರೋ ಎಂದು ಗೊತ್ತುಮಾಡಲ್ಪಟ್ಟಿತು. ಯೂರೋ ಒಂದಕ್ಕೆ ನೂರು ರೂಪಾಯಿಯಂತೆ ಲೆಕ್ಕ ಹಿಡಿದರೆ ಹನ್ನೆರಡು ಲಕ್ಷಕ್ಕೆ ಸಮೀಪ. ಆ ದೇಶವನ್ನು ಮುಟ್ಟಿದ ಮೇಲೆ ತಿಂಗಳಿಗೆ 992 ಯೂರೋ ಮಾತ್ರ ಅವನ ಕೈಗೆ ಬರುವದು. ಇಂಗ್ಲಂಡಿನ ನಿಯಮವು ಬೇರೆ. ಅಲ್ಲಿ ಬೇಕಾದ ಹಣವು ವಿದ್ಯಾರ್ಥಿಯ ಅಥವಾ ತಂದೆತಾಯಿಗಳ ಖಾತೆಯಲ್ಲಿ ಎಡೆಬಿಡದೆ 28 ದಿವಸ ಇತ್ತೆಂದು ತೋರಿಸಬೇಕು. ತೋರಿಕೆಯ ಹಣಕ್ಕೆ ಈ ಎರಡನೆಯ ಬಗೆಯಲ್ಲಿಯೇ ಎಡೆ ಸಿಕ್ಕುತ್ತದೆ. ಆದರೆ ಎರಡು ನಿಯಮಗಳ ಅಭಿಪ್ರಾಯವು ಒಂದೇ. ಬಂದವನು ಗುರುತಿಲ್ಲದ ಊರಿನಲ್ಲಿ ಹಸಿದು ಬೀಳಬಾರದು. ಹೀಗಿರಲಾಗಿ ಅಧಿಕಾರಿಯು ಕೇಳುವದು, ನಿನ್ನ ಖಾತೆಯಲ್ಲಿ ಅಂಕೆಗಳುಂಟೋ ಎಂದಲ್ಲ. ನೀನು ಅಲ್ಲಿ ಉಣ್ಣುವದಕ್ಕೆ ಹಣ ಉಂಟೋ ಎಂದು.

ಇದಕ್ಕೆ ನಮ್ಮ ಜನರು ಹೇಳುವ ಸಮಾಧಾನಗಳು ಮೂರು. ಅವುಗಳನ್ನು ತಿರಸ್ಕರಿಸದೆ ಒಂದೊಂದಾಗಿ ನೋಡುವೆವು.

ಮೊದಲನೆಯದು: ಹಣವು ಖಾತೆಯಲ್ಲಿ ನಿಜವಾಗಿ ಇತ್ತಲ್ಲಾ, ಬ್ಯಾಂಕಿನ ಕಾಗದವು ಖೊಟ್ಟಿಯಲ್ಲವಲ್ಲಾ, ಸುಳ್ಳು ಎಲ್ಲಿ ಬಂತು? ಹೌದು, ಕಾಗದವು ನಿಜ. ಆದರೆ ನಿಜವಾದ ಕಾಗದದಿಂದಲೂ ಸುಳ್ಳು ಹೇಳಬಹುದು. ಹೆಣ್ಣು ಕೊಡುವವರು ನೋಡಲಿಕ್ಕೆ ಬಂದ ದಿವಸ ನೆರೆಯವನ ಎತ್ತುಗಳನ್ನು ತನ್ನ ಕೊಟ್ಟಿಗೆಯಲ್ಲಿ ಕಟ್ಟಿದವನು ಬಾಯಿಂದ ಒಂದು ಮಾತನ್ನೂ ಆಡದೆ ಇರಬಹುದು. ಎತ್ತುಗಳೂ ನಿಜ, ಕೊಟ್ಟಿಗೆಯೂ ನಿಜ. ಆದಾಗ್ಯೂ ಅವನು ಮೋಸಮಾಡಿದ್ದಾನೆಂದು ನಾವೆಲ್ಲರೂ ಹೇಳುವೆವು. ಮಾತಿನಲ್ಲಿ ಮಾತ್ರವಲ್ಲ, ಎದುರಿನವನ ಮನಸ್ಸಿನಲ್ಲಿ ಏನು ನೆಡುತ್ತೇವೆಂಬದರಲ್ಲಿಯೂ ಸುಳ್ಳು ಇರುತ್ತದೆ.

ಎರಡನೆಯದು: ಈ ನಿಯಮವೇ ಅನ್ಯಾಯವಾದದ್ದು, ಸಿರಿವಂತನ ಮಂದಬುದ್ಧಿಯ ಮಗನನ್ನು ಒಳಗೆ ಬಿಟ್ಟು, ಬಡವನ ಚುರುಕಾದ ಮಗಳನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ. ಈ ಮಾತಿನಲ್ಲಿ ಸತ್ಯವುಂಟು. ನಾವು ಅದನ್ನು ಅಲ್ಲಗಳೆಯುವದಿಲ್ಲ. ಇದರ ಮೇಲೆ, ಪರದೇಶದ ವಿದ್ಯಾಸಾಲದ ಬಡ್ಡಿಗಾಗಿ ಕೇಂದ್ರ ಸರಕಾರವು ಅಲ್ಪಸಂಖ್ಯಾತರ ಮಕ್ಕಳಿಗೆ ಕೊಡುತ್ತಿದ್ದ ‘ಪಢೋ ಪರದೇಶ್’ ಎಂಬ ಸಹಾಯವೂ 2022-23ರಿಂದ ನಿಂತುಹೋಯಿತು. ಬಡವರ ಹಾದಿಯು ಕಠಿಣವೇ. ಆದರೆ ಗುಪ್ತವಾದ ಮೋಸದಿಂದ ಅನ್ಯಾಯದ ನಿಯಮವು ಸಡಿಲವಾಗುವದಿಲ್ಲ, ಇನ್ನೂ ಬಿಗಿಯಾಗುವದು. ಇಂದು ಒಬ್ಬನು ತೋರಿಕೆಯ ಹಣದಿಂದ ದಾಟಿದರೆ, ನಾಳೆ ಅದೇ ಜಿಲ್ಲೆಯಿಂದ ನಿಜವಾದ ಲೆಕ್ಕವನ್ನು ತಕ್ಕೊಂಡು ಹೋಗುವ ಬಡ ಹುಡುಗಿಯ ಕಾಗದವನ್ನು ಅಧಿಕಾರಿಯು ಸಂಶಯದಿಂದ ನೋಡುವನು.

ಮೂರನೆಯದು: ಇದರಿಂದ ಯಾರಿಗೂ ನಷ್ಟವಿಲ್ಲ. ಇದೇ ಎಲ್ಲಕ್ಕಿಂತ ಅಪಾಯಕರವಾದ ಮಾತು. ಮೊದಲು ನಷ್ಟಪಡುವವನು ಹೋದ ಹುಡುಗನೇ. ತೋರಿಸಿದ ಹಣವು ಸಾವಕಾರನ ಪೆಟ್ಟಿಗೆಗೆ ತಿರುಗಿ ಹೋಯಿತು. ಬಾಡಿಗೆಯಾದರೋ ತಿಂಗಳು ತಿಂಗಳು ಬರುತ್ತದೆ. ಇಂಗ್ಲಂಡಿನಲ್ಲಿ ಪದವಿಗೆ ಓದುವ ವಿದ್ಯಾರ್ಥಿಯು ಪಾಠ ನಡೆಯುವ ಕಾಲದಲ್ಲಿ ವಾರಕ್ಕೆ 20 ತಾಸುಗಳಿಗಿಂತ ಹೆಚ್ಚು ಕೂಲಿಕೆಲಸ ಮಾಡಬಾರದೆಂಬ ಕಟ್ಟು ಉಂಟು. ಆ ಸಂಬಳದಿಂದ ಸಂಸಾರ ಸಾಗದಾಗ ಅವನು ಗುಪ್ತವಾಗಿ ಇನ್ನಷ್ಟು ದುಡಿಯುವನು. ಆ ಗುಟ್ಟನ್ನು ಬಲ್ಲ ಯಜಮಾನನು ಕೊಟ್ಟಷ್ಟೇ ಕೂಲಿ, ಆಡಿದ್ದೇ ಮಾತು. ನಿದ್ರೆಗೆಟ್ಟು ಓದು ಕೆಡುವದು. ಮನೆಗೆ ಬರೆಯೋಣವೆಂದರೆ ಅಲ್ಲಿ ಹಣವಿಲ್ಲವೆಂದು ಅವನಿಗೆ ಮೊದಲೇ ಗೊತ್ತು. ಒಂದು ಸುಳ್ಳನ್ನು ಸಾಕುವದಕ್ಕೆ ಹತ್ತು ಸುಳ್ಳುಗಳು ಬೇಕಾಗುವವು. ಸುಳ್ಳು ಹೊರಬಿದ್ದರೆ ಇಂಗ್ಲಂಡು ಹತ್ತು ವರುಷವೂ ಕೆನಡಾ ಐದು ವರುಷವೂ ಬಾಗಿಲು ಮುಚ್ಚಬಹುದು. ಆದರೆ ದಂಡನೆಯ ಭಯದಿಂದ ಮಾತ್ರ ನಾವು ಇದನ್ನು ಬರೆಯುವದಿಲ್ಲ. ಯಾಕಂದರೆ ವಿದ್ಯೆಯ ಬುಡವೇ ಸತ್ಯ. ನಾಳೆ ಪ್ರಯೋಗಶಾಲೆಯಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಬರೆಯಬೇಕಾದವನು, ಅಲ್ಲಿಗೆ ಹೋಗುವದಕ್ಕೆ ಮೊದಲನೇ ಕಾಗದದಲ್ಲಿಯೇ ಇಲ್ಲದ್ದನ್ನು ಉಂಟೆಂದು ಬರೆದರೆ, ಯಾವ ಅಭ್ಯಾಸವನ್ನು ಕಟ್ಟಿಕೊಂಡು ಹೋದ ಹಾಗಾಯಿತು? ಇಳಕಲ್ಲ ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿ, ಕೊಂಡಿ ಹಾಕಿ ಕೂಡಿಸುವರಷ್ಟೇ. ಸೆರಗು ಎಷ್ಟು ಬೆಲೆಯ ರೇಶಿಮೆಯಾದರೂ ಕೊಂಡಿಯು ಭದ್ರವಿಲ್ಲದಿದ್ದರೆ ಆ ಸೀರೆಯನ್ನು ಉಡಲಾಗದು.

ಹಾಗಾದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂದು ಬಡವರ ಮಕ್ಕಳಿಗೆ ಬುದ್ಧಿ ಹೇಳಿ ಸುಮ್ಮನಿರೋಣವೋ? ಅಲ್ಲ. ಹಾಸಿಗೆಯನ್ನು ಬೆಳಕಿನಲ್ಲಿ ಉದ್ದಮಾಡಬಹುದು. ಮಂಗಳೂರಿನ ಹೆರ್ಮನ್ ಆನಂದರಾವ್ ಕೌಂಡಿನ್ಯರು 1846ರಲ್ಲಿ ಮೊಗ್ಲಿಂಗ್ ಸಾಹೇಬರ ಸಂಗಡ ಬಾಸೆಲಿಗೆ ಹೋಗಿ, ಅಲ್ಲಿಯ ಸೆಮಿನರಿಯಲ್ಲಿ ಕಲಿತು, 1851ರಲ್ಲಿ ತಿರುಗಿ ಬಂದರು. ಅವರು ಮಿಶನ್ನಿನ ಆಸರೆಯಿಂದ ಕಲಿತರೆಂಬದು ಮುಚ್ಚುಮರೆಯ ಸಂಗತಿಯಾಗಿರಲಿಲ್ಲ. ಡಾಕ್ಟರ್ ಅಂಬೇಡ್ಕರರು 1913ರಲ್ಲಿ ಬಡೋದೆಯ ಮಹಾರಾಜರಿಂದ ತಿಂಗಳಿಗೆ ಹನ್ನೊಂದುವರೆ ಪೌಂಡಿನಂತೆ ಮೂರು ವರುಷದ ವಿದ್ಯಾರ್ಥಿವೇತನ ಪಡೆದು ಅಮೇರಿಕೆಗೆ ಹೋದರು. ಬಳಿಕ ಲಂಡನಿನಲ್ಲಿ ಓದುತ್ತಿರುವಾಗ ವೇತನದ ಅವಧಿ ತೀರಲು, ಓದು ಮುಗಿಯದಿದ್ದರೂ 1917ರಲ್ಲಿ ಹಿಂದಿರುಗಿದರು. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಹಣ ಉಳಿಸಿ, ಕೊಲ್ಹಾಪುರದ ಶಾಹೂ ಮಹಾರಾಜರ ಸಹಾಯವನ್ನೂ ಒಬ್ಬ ಪಾರಸಿ ಸ್ನೇಹಿತನ ಸಾಲವನ್ನೂ ಕೂಡಿಸಿಕೊಂಡು, 1920ರಲ್ಲಿ ತಿರುಗಿ ಲಂಡನಿಗೆ ಹೋಗಿ ಓದನ್ನು ಪೂರೈಸಿದರು. ನಡುವೆ ಮೂರು ವರುಷ ಕಾದದ್ದರಿಂದ ಅವರ ವಿದ್ಯೆಯು ಕುಂದಲಿಲ್ಲ. ಸಾಲಮಾಡುವದು ನಾಚಿಕೆಯಲ್ಲ, ಸಹಾಯ ಬೇಡುವದೂ ನಾಚಿಕೆಯಲ್ಲ.

ಆದಕಾರಣ ನಮ್ಮ ತೀರ್ಮಾನವನ್ನು ಹೀಗೆ ಹೇಳುವೆವು. ಹಣವು ಸ್ವಂತದ್ದೋ ಸಾಲದ್ದೋ ಎಂದು ಕೇಳಬೇಡಿರಿ. ಅದನ್ನು ಆ ಮಗುವು ಅಲ್ಲಿ ಉಣ್ಣಬಹುದೋ ಎಂದು ಕೇಳಿರಿ. ಉಣ್ಣಬಹುದಾದರೆ, ಅದು ಸಾಲವಾಗಿದ್ದರೂ ಸಾಲವೆಂದೇ ಹೇಳಿ ಧೈರ್ಯದಿಂದ ತೋರಿಸಿರಿ. ಉಣ್ಣಬಾರದ್ದಾದರೆ, ಅದು ನಿಮ್ಮ ಖಾತೆಯಲ್ಲಿಯೇ ಇದ್ದರೂ ತೋರಿಸಬೇಡಿರಿ.

ಈ ಮಾತು ಹಣ ಕೊಡುವವರಿಗೂ ಸಲ್ಲುವದು. ಅಕ್ಕನ ಮಗನೆಂಬ ಮಮತೆಯಿಂದ ಒಂದು ತಿಂಗಳಿಗೆ ಮಾತ್ರ ಲಕ್ಷಗಳನ್ನು ಇಟ್ಟುಕೊಡುವ ಮಾವನು ಸುಳ್ಳಿಗೆ ಪಾಲುಗಾರನಾಗುವನು. ಅದರ ಹತ್ತನೇ ಒಂದು ಪಾಲನ್ನಾದರೂ ತಿರುಗಿ ಕೇಳದೆ ಕೊಟ್ಟರೆ ಅವನೇ ನಿಜವಾದ ಸಹಾಯಕನು. ಸಭೆಯ ಹಿರಿಯರೂ ಪತ್ತಿನ ಸಂಘಗಳ ಪಂಚರೂ ಇದನ್ನು ನೆನಪಿನಲ್ಲಿಡಲಿ.

ಹೋಗಲಿಕ್ಕೆ ಇಚ್ಛಿಸುವವರು ಎರಡು ವರುಷ ಮುಂಚೆಯೇ ಲೆಕ್ಕ ಹಾಕಲಿ. ಜರ್ಮನಿಯ ಹೆಚ್ಚಿನ ಸರಕಾರೀ ವಿಶ್ವವಿದ್ಯಾಲಯಗಳಲ್ಲಿ ಬೋಧನೆಯ ಶುಲ್ಕವಿಲ್ಲವೆಂಬದನ್ನು ತಿಳಿದಿರಲಿ. ಯುರೋಪಿನ ಎರಾಸ್ಮುಸ್ ಮುಂಡುಸ್, ಇಂಗ್ಲಂಡಿನ ಚೀವ್ನಿಂಗ್ ಮುಂತಾದ ವಿದ್ಯಾರ್ಥಿವೇತನಗಳಿಗೆ ಬರೆಯಲಿ. ಬ್ಯಾಂಕಿನ ವಿದ್ಯಾಸಾಲವನ್ನೂ, ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಸಾಲದ ನಿಬಂಧನೆಗಳನ್ನೂ ಜಿಲ್ಲಾ ಕಚೇರಿಗೆ ಹೋಗಿ ತಾವೇ ಕೇಳಲಿ. ಲೆಕ್ಕವು ಕೂಡದಿದ್ದರೆ ಒಂದು ವರುಷ ದುಡಿದು ಕಾಯಲಿ. ತಡವಾಗಿ ಹೋದವನು ಒಂದು ವರುಷವನ್ನು ಮಾತ್ರ ಕಳಕೊಳ್ಳುವನು. ಸುಳ್ಳಿನಿಂದ ಹೋದವನಾದರೋ ತಲುಪಿದ ದಿವಸದಿಂದ ಬಾಗಿಲು ಬಡಿದ ಸಪ್ಪಳಕ್ಕೆಲ್ಲಾ ಅಂಜುವನು. ನಮ್ಮ ಮಕ್ಕಳು ದೂರ ಹೋಗಲಿ, ಬಹಳ ಕಲಿಯಲಿ. ಆದರೆ ಯಾರು ಬಾಗಿಲು ಬಡಿದರೂ ಎದ್ದು ನಿರ್ಭಯವಾಗಿ ತೆರೆಯುವವರಾಗಿ ಹೋಗಲಿ.