ನಿರ್ದೋಷತೆಯ ನೊಗ

ಪರಿಪೂರ್ಣರಾಗಬೇಕೆಂಬ ಕರ್ತನ ಅಪ್ಪಣೆಯನ್ನು ನಾವು ಬಲ್ಲೆವು. ಆದರೆ ನಮ್ಮ ನಗರ ಸೀಮೆಯಲ್ಲಿ ಆರಿಸಿದ ಅಡಿಕೆಯನ್ನೇ ನಿದ್ರೆಗೆಟ್ಟು ಮರಳಿ ಮರಳಿ ಆರಿಸುವವನೂ, ಒಂದು ಮಾತು ತಪ್ಪಿತೆಂದು ಪ್ರಾರ್ಥನೆಯನ್ನು ಮೊದಲಿನಿಂದ ಆರಂಭಿಸುವವಳೂ ಆ ಅಪ್ಪಣೆಯನ್ನು ನೆರವೇರಿಸುವರೋ? ಇಲ್ಲ, ಅವರನ್ನು ಆಳುವದು ಭಯವೇ.

1505ರಲ್ಲಿ ಎರ್ಫುರ್ಟಿನ ಮಠವನ್ನು ಸೇರಿದ ಮಾರ್ಟಿನ್ ಲೂಥರನು ಇದೇ ಭಯದಿಂದ ಬಾಧಿತನಾಗಿ, ಸಣ್ಣ ದೋಷಗಳನ್ನೂ ಬಹು ಹೊತ್ತು ಅರಿಕೆಮಾಡುತ್ತಿದ್ದನು. ಹಿರಿಯನಾದ ಸ್ಟೌಪಿಟ್ಸನ ಮುಂದೆ ಮನಸ್ಸನ್ನು ಬಿಚ್ಚಿದಾಗ, ಆತನು ಅವನ ದೃಷ್ಟಿಯನ್ನು ದೋಷಗಳ ಎಣಿಕೆಯಿಂದ ಕ್ರಿಸ್ತನ ಕಡೆಗೆ ತಿರುಗಿಸಿದನು.

ಹಾಗಾದರೆ ಜ್ವರಕ್ಕೆ ವೈದ್ಯನನ್ನು ಹುಡುಕುವ ನಾವು ಮನಸ್ಸಿನ ಬೇನೆಗೆ ಮನೋವೈದ್ಯನ ಬಳಿಗೆ ಹೋಗುವದು ಅವಿಶ್ವಾಸವೋ? ಎಷ್ಟು ಮಾತ್ರಕ್ಕೂ ಅಲ್ಲ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ದೊರೆಯುವದು. ಆದದರಿಂದ ಇಂಥವರನ್ನು ಗದರಿಸದೆ, ಕೈಹಿಡಿದು ಸಹಾಯದ ಬಳಿಗೆ ನಡಿಸೋಣ.