ನಿಲ್ಲಲು ಒಂದು ತೋಪು

ಹೊಸಬರು ಎದುರಾದರೆ ನಮ್ಮ ಕಡೆ ಮೊದಲು ಕೇಳುವುದು ಹೆಸರನ್ನಲ್ಲ, ಊರನ್ನು. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಂಥ, ಆಂಧ್ರದ ಗಡಿಗೆ ಹತ್ತಿರದ ಊರಿನಲ್ಲಿ ಅದು ‘ಯಾವೂರು?’ ಎಂದೂ ಇರಬಹುದು, ‘ಮೀದೇ ಊರು?’ ಎಂದೂ ಇರಬಹುದು. ಕೇಳುವವರ ಮನಸ್ಸಿನಲ್ಲಿ ಕೇಡು ಇರಬೇಕೆಂದಿಲ್ಲ. ಊರು ತಿಳಿದರೆ ನೆಂಟಸ್ತನ, ಜಾತಿ, ಜಮೀನು, ಈ ಸಲದ ಮಾವಿನ ಫಸಲು ಎಲ್ಲವೂ ಒಂದರ ಹಿಂದೆ ಒಂದು ತಿಳಿಯುತ್ತವೆ. ಊರು ಎಂಬುದು ಮನುಷ್ಯನಿಗೆ ಜಾಮೀನು ಇದ್ದ ಹಾಗೆ. ಹಾಗಾದರೆ ಆ ಪ್ರಶ್ನೆಗೆ ಒಂದು ಹೆಸರಿನ ಉತ್ತರ ಇಲ್ಲದವರನ್ನು ನಾವು ಏನೆಂದು ತಿಳಿಯುತ್ತೇವೆ?

ಅಂಥ ಎರಡು ಬಗೆಯ ಕುಟುಂಬಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು ಅಮೆರಿಕದ್ದು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಇದ್ದ ಮನೆಯನ್ನು ಮಾರಿ, ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ದೊಡ್ಡ ಗಾಡಿ ಕೊಂಡಿದ್ದಾರೆ. ಅಲ್ಲಿ ಅದನ್ನು ಆರ್‌ವಿ ಎನ್ನುತ್ತಾರೆ. ಬೇಸಿಗೆಯಲ್ಲಿ ಬೆಟ್ಟಗಳ ಕಡೆ, ಚಳಿಗಾಲದಲ್ಲಿ ಮರುಭೂಮಿಯ ಕಡೆ ಹೊರಡುತ್ತಾರೆ. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಎಂಬ ಸಣ್ಣ ಊರಿನ ಸುತ್ತ ಚಳಿಗಾಲದಲ್ಲಿ ಇಂಥ ಗಾಡಿಗಳು ಸಾವಿರಗಟ್ಟಲೆ ಬಂದು ನಿಲ್ಲುತ್ತವೆ. ಹಗಲು ಬಂಡೆ ಹತ್ತುವುದು, ಕಳ್ಳಿಗಿಡಗಳ ನಡುವೆ ನಡೆಯುವುದು. ರಾತ್ರಿ ಬೆಂಕಿ ಹಾಕಿಕೊಂಡು ನಕ್ಷತ್ರ ನೋಡುವುದು. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದ ಕುಟುಂಬಗಳೂ ರಜೆಯಲ್ಲಿ ಇಂಥ ಗಾಡಿ ಬಾಡಿಗೆಗೆ ಹಿಡಿದು ಡೆತ್ ವ್ಯಾಲಿಗೋ ಜೋಶುವಾ ಟ್ರೀಗೋ ಹೋಗಿಬರುತ್ತವೆ.

ಎರಡನೆಯದು ನಮ್ಮ ಹೆಳವರದು. ಹೆಚ್ಚಾಗಿ ಉತ್ತರ ಕರ್ನಾಟಕದಲ್ಲಿರುವ ಈ ಜನ ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುತ್ತ ಊರೂರು ತಿರುಗುವವರು. ಮೂಲಪುರುಷ ಕಾಲಿಲ್ಲದವನಾಗಿದ್ದ, ಎತ್ತಿನ ಮೇಲೆ ಕುಳಿತು ತಿರುಗಿದ ಎಂಬ ಐತಿಹ್ಯ ಅವರ ಹೆಸರಿನಲ್ಲೇ ಇದೆ. ಎತ್ತಿನಿಂದ ಕಮಾನುಗಾಡಿಗೆ ಬಂದರು, ಈಗ ಕೆಲವರು ವ್ಯಾನಿಗೂ ಬಂದಿದ್ದಾರೆ. ಮುತ್ತಜ್ಜನ ಅಜ್ಜ ಯಾವ ಊರಿನಿಂದ ಬಂದ, ಅವನಿಗೆ ಎಷ್ಟು ಮಕ್ಕಳು ಎಂಬುದು ಮನೆಯವರಿಗೆ ಮರೆತಿದ್ದರೂ ಹೆಳವರ ಪುಸ್ತಕದಲ್ಲಿರುತ್ತದೆ. ಸೋಜಿಗದ ಮಾತು ಎಂದರೆ, ಒಂದೆಡೆ ನೆಲೆನಿಂತವರ ನೆನಪನ್ನು ಕಾಪಾಡಿದವರು ಎಲ್ಲೂ ನೆಲೆ ನಿಲ್ಲದವರು. ಕೋಲಾರದ ಕಡೆಯಾದರೆ ಅಲಂಕರಿಸಿದ ಎತ್ತು ಹಿಡಿದು ಬರುವ ಗಂಗಿರೆದ್ದಿನವರನ್ನು ನೆನೆಯಬಹುದು. ಅವರೂ ಹೆಂಡತಿ ಮಕ್ಕಳೊಂದಿಗೆ ಊರಿನಿಂದ ಊರಿಗೆ ಹೋಗುವವರೇ.

ಮೇಲುನೋಟಕ್ಕೆ ಎರಡೂ ಕುಟುಂಬಗಳು ಮಾಡುತ್ತಿರುವುದು ಒಂದೇ ಕೆಲಸ. ಆದರೆ ಮೊದಲನೆಯದನ್ನು ಸಾಹಸ ಎನ್ನುತ್ತೇವೆ, ಎರಡನೆಯದನ್ನು ಅಲೆಮಾರಿತನ ಎನ್ನುತ್ತೇವೆ. ಮೊದಲನೆಯವರ ಮಕ್ಕಳು ಶಾಲೆಗೆ ಹೋಗದಿದ್ದರೆ ಅದು ಮನೆಪಾಠ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ಎರಡನೆಯವರ ಮಕ್ಕಳು ಹೋಗದಿದ್ದರೆ ಅವರು ‘ಶಾಲೆ ಬಿಟ್ಟ ಮಕ್ಕಳು’. ಒಂದು ಮಗು ಲೋಕವನ್ನೇ ಓದುತ್ತಿದೆ ಎಂದು ಮೆಚ್ಚುತ್ತೇವೆ. ಇನ್ನೊಂದು ಮಗುವಿಗೆ ಲೋಕ ತಪ್ಪಿಹೋಯಿತು ಎಂದು ಮರುಗುತ್ತೇವೆ.

ಇದಕ್ಕೆ ಸಿದ್ಧ ಉತ್ತರವೊಂದಿದೆ: ಅವರದು ಆಯ್ಕೆ, ಇವರದು ಅನಿವಾರ್ಯ. ಈ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಸಾಲದು. 2008ರ ಆರ್ಥಿಕ ಕುಸಿತದ ನಂತರ ಮನೆ ಉಳಿಸಿಕೊಳ್ಳಲಾಗದೆ ಗಾಡಿಗೆ ಬಂದ ಅಮೆರಿಕನ್ನರು ಬಹಳ ಮಂದಿ. ಜೆಸ್ಸಿಕಾ ಬ್ರೂಡರ್ 2017ರಲ್ಲಿ ಪ್ರಕಟಿಸಿದ ‘ನೋಮ್ಯಾಡ್‌ಲ್ಯಾಂಡ್’ ಇಂಥವರ ಬಗ್ಗೆಯೇ ಇದೆ. ಅದನ್ನು ಆಧರಿಸಿದ ಸಿನಿಮಾಕ್ಕೆ 2021ರಲ್ಲಿ ಆಸ್ಕರ್ ಬಂತು. ಇತ್ತ ಹೆಳವರ ತಿರುಗಾಟದಲ್ಲಿ ಬಡತನ ಮಾತ್ರ ಇಲ್ಲ, ಕಸುಬಿನ ಹೆಮ್ಮೆಯೂ ಇದೆ. ತಮ್ಮ ದಾರಿ ಕಾಯುವ ಮನೆಗಳಿವೆ ಎಂಬ ನಂಬಿಕೆ ಇದೆ. ಯಾವುದು ಆಯ್ಕೆ, ಯಾವುದು ಅನಿವಾರ್ಯ ಎಂದು ಹೊರಗಿನವರು ಗೆರೆ ಎಳೆಯುವುದು ಸುಲಭವಲ್ಲ.

ವ್ಯತ್ಯಾಸ ಇರುವುದು ಚಲನೆಯಲ್ಲಿ ಅಲ್ಲ, ನಿಲುಗಡೆಯಲ್ಲಿ ಎಂದು ನನಗೆ ತೋರುತ್ತದೆ. ಯಾರು ಎಷ್ಟು ದೂರ ಹೋಗಬಲ್ಲರು ಎಂಬುದಕ್ಕಿಂತ, ಬೇಕೆನಿಸಿದಾಗ ಎಲ್ಲಿ ನಿಲ್ಲಬಲ್ಲರು, ನಿಂತರೆ ಅವರನ್ನು ಏನೆಂದು ಬರೆದುಕೊಳ್ಳುತ್ತಾರೆ ಎಂಬುದರಲ್ಲಿ ಅವರ ಸ್ವಾತಂತ್ರ್ಯ ಇದೆ.

ಅಮೆರಿಕದ ಮರುಭೂಮಿಯ ಬಹುಭಾಗ ಒಕ್ಕೂಟ ಸರ್ಕಾರದ ಭೂಮಿ. ಅಲ್ಲಿ ಸಾಮಾನ್ಯವಾಗಿ ಒಂದು ಜಾಗದಲ್ಲಿ 14 ದಿನ ಬಿಟ್ಟಿಯಾಗಿ ಬೀಡುಬಿಡಬಹುದು, ಆಮೇಲೆ ಮುಂದೆ ಹೋಗಬೇಕು. ಕ್ವಾರ್ಟ್ಜ್‌ಸೈಟ್ ಬಳಿಯ ಲಾ ಪೋಸಾದಂಥ ಕಡೆ ಶುಲ್ಕ ಕಟ್ಟಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೂ ಇರಬಹುದು. ವಿಳಾಸವೂ ತೊಡಕಲ್ಲ. ಸದಾ ರಸ್ತೆಯಲ್ಲೇ ಇರುವವರಿಗೆ ಸೌತ್ ಡಕೋಟಾ ರಾಜ್ಯ ಒಂದು ರಾತ್ರಿ ತಂಗಿದ ರಸೀದಿಯ ಮೇಲೆ ಚಾಲನಾ ಪರವಾನಗಿ ಕೊಡುತ್ತದೆ. ಆದರೆ ಇದು ಆ ದೇಶದ ಎಲ್ಲರ ಭಾಗ್ಯ ಅಲ್ಲ. ಮನೆಯಿಲ್ಲದವರು ಸಾರ್ವಜನಿಕ ಜಾಗದಲ್ಲಿ ಬೀಡುಬಿಟ್ಟು ಮಲಗಿದರೆ ನಗರಗಳು ದಂಡ ಹಾಕಬಹುದು ಎಂದು 2024ರ ಜೂನ್‌ನಲ್ಲಿ ಗ್ರಾಂಟ್ಸ್ ಪಾಸ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅದೇ ಆಕಾಶದ ಕೆಳಗೆ ಮಲಗುವುದು ಒಬ್ಬರಿಗೆ ಪ್ರವಾಸ, ಇನ್ನೊಬ್ಬರಿಗೆ ಅಪರಾಧ.

ನಮ್ಮ ದೇಶದಲ್ಲಿ ಈ ಅಪರಾಧದ ಮುದ್ರೆ ಇನ್ನೂ ಹಳೆಯದು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಲು ದಾರಿ ಮಾಡಿತು. ತಿರುಗುವುದೇ ಸಂಶಯಕ್ಕೆ ಕಾರಣವಾಯಿತು. ಪಟ್ಟಿಯಲ್ಲಿದ್ದವರು ಹಾಜರಿ ಹಾಕಬೇಕು, ಊರು ಬಿಡಲು ಅಪ್ಪಣೆ ಪಡೆಯಬೇಕು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ವಿಜಯಪುರಗಳಲ್ಲಿ ಅವರನ್ನು ಕೂಡಿಹಾಕಲು ವಸಾಹತುಗಳನ್ನು ಮಾಡಿದರು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇವತ್ತಿಗೂ ಉಳಿದಿದೆ. ನೆಲೆ ಎಂಬ ಅರ್ಥದ ಪದವೇ ಸೆರೆಗೂ ಹೆಸರಾಯಿತು. ಅಂದಮೇಲೆ ನಿಲ್ಲಿಸುವುದೆಲ್ಲ ಉಪಕಾರವಲ್ಲ. ಬಲವಂತದ ನೆಲೆ ಬಲವಂತದ ಅಲೆತದಷ್ಟೇ ಕ್ರೂರ.

1952ರಲ್ಲಿ ಆ ಕಾಯ್ದೆ ರದ್ದಾಯಿತು. ಅದರ ನೆರಳು ಹೋಗಲಿಲ್ಲ. ರೂಢಿಗತ ಅಪರಾಧಿಗಳ ಹೆಸರಿನ ಕಾಯ್ದೆಗಳು ರಾಜ್ಯಗಳಲ್ಲಿ ಬಂದವು, ಕರ್ನಾಟಕದ್ದು 1961ರದು. 2024ರ ಅಕ್ಟೋಬರ್‌ನಲ್ಲಿ ಸುಕನ್ಯಾ ಶಾಂತಾ ಮೊಕದ್ದಮೆಯ ತೀರ್ಪು ಕೊಡುವಾಗಲೂ ಸುಪ್ರೀಂ ಕೋರ್ಟ್, ವಿಮುಕ್ತ ಬುಡಕಟ್ಟುಗಳನ್ನು ಹುಟ್ಟು ಅಪರಾಧಿಗಳಂತೆ ಕಾಣುವ ಜೈಲು ನಿಯಮಗಳ ಬಗ್ಗೆ ಮಾತಾಡಬೇಕಾಯಿತು.

ಮರುಭೂಮಿಯ ಇನ್ನೊಂದು ಕುಟುಂಬದ ಕಥೆ ರಾಜಸ್ಥಾನದ್ದು. 1568ರಲ್ಲಿ ಅಕ್ಬರನ ಸೇನೆ ಚಿತ್ತೋಡನ್ನು ಗೆದ್ದಾಗ, ಕೋಟೆ ಮರಳಿ ಸಿಗುವವರೆಗೆ ಸೂರಿನ ಕೆಳಗೆ ಬಾಳುವುದಿಲ್ಲ, ದೀಪ ಹಚ್ಚುವುದಿಲ್ಲ ಎಂದು ತಮ್ಮ ಹಿರಿಯರು ಪಣತೊಟ್ಟರು ಎಂದು ಗಾಡಿಯಾ ಲೋಹಾರರು ಹೇಳಿಕೊಳ್ಳುತ್ತಾರೆ. ಎತ್ತಿನ ಗಾಡಿಯೇ ಮನೆ, ಕಬ್ಬಿಣದ ಕೆಲಸವೇ ಅನ್ನ. 1955ರ ಏಪ್ರಿಲ್‌ನಲ್ಲಿ ಜವಾಹರಲಾಲ್ ನೆಹರೂ ಅವರನ್ನು ಕೋಟೆಯೊಳಗೆ ಕರೆದೊಯ್ದರು. ಪಣ ತೀರಿತು. ಆದರೂ ಅನೇಕರ ಗಾಡಿಗಳು ಇಂದಿಗೂ ನಗರಗಳ ರಸ್ತೆಬದಿಯಲ್ಲೇ ಇವೆ. ಹಿಂದಿರುಗುವ ಬಾಗಿಲು ತೆರೆಯಿತು, ನಿಲ್ಲುವ ನೆಲ ಸಿಗಲಿಲ್ಲ.

ಇದರಿಂದ ಮೊದಲ ಕುಟುಂಬದ ಆಸೆ ಸುಳ್ಳಾಗುವುದಿಲ್ಲ. ಮಕ್ಕಳಿಗೆ ಮರುಭೂಮಿಯ ರಾತ್ರಿ ತೋರಿಸಬೇಕು ಎಂದುಕೊಳ್ಳುವ ತಂದೆತಾಯಿಯನ್ನು ಹಂಗಿಸುವುದು ಸಣ್ಣತನ. ಆದರೆ ಅವರನ್ನೂ ಹೆಳವರ ತಂದೆತಾಯಿಯನ್ನೂ ಕೇಳಬೇಕಾದ ಪ್ರಶ್ನೆ ಒಂದೇ: ಮಗು ದೊಡ್ಡದಾಗಿ ‘ನನಗೆ ಸಾಕು, ನಾನು ಇಲ್ಲೇ ಇರುತ್ತೇನೆ’ ಎಂದರೆ ಅದಕ್ಕೆ ದಾರಿ ಇದೆಯೇ? ಮೊದಲನೆಯವರ ಮಗುವಿಗೆ ಬಹುಮಟ್ಟಿಗೆ ಇದೆ. ಎರಡನೆಯವರ ಮಗುವಿಗೆ ಶಾಲೆಯ ದಾಖಲೆ, ಪಡಿತರ ಚೀಟಿ, ಜಾತಿ ಪ್ರಮಾಣಪತ್ರ ಎಂದು ಒಂದೊಂದು ಬಾಗಿಲಲ್ಲೂ ಮತ್ತೆ ಅದೇ ಪ್ರಶ್ನೆ ಎದುರಾಗುತ್ತದೆ: ಯಾವೂರು? ಹಾಗೆಯೇ ‘ನಾನೂ ಅಪ್ಪನ ಹಾಗೆ ವಂಶಾವಳಿ ಹೇಳುತ್ತ ತಿರುಗುತ್ತೇನೆ’ ಎಂದು ಅದು ಹೆಮ್ಮೆಯಿಂದ ಹೇಳಿದರೆ, ಆ ದಾರಿಯನ್ನೂ ನಾವು ಗೌರವದಿಂದ ತೆರೆದಿಟ್ಟಿರಬೇಕು. ಎರಡರಲ್ಲಿ ಒಂದನ್ನು ಮುಚ್ಚಿದರೆ ಉಳಿದದ್ದು ಆಯ್ಕೆ ಎನಿಸುವುದಿಲ್ಲ.

ಕನ್ನಡಿಗರಿಗೆ ಈ ವಿಚಾರ ಹೊಸದಾಗಬಾರದು. ಸ್ಥಾವರಕ್ಕಿಂತ ಜಂಗಮ ದೊಡ್ಡದು ಎಂಬ ಮಾತನ್ನು ಹನ್ನೆರಡನೆಯ ಶತಮಾನದಿಂದ ಕೇಳುತ್ತ ಬಂದಿದ್ದೇವೆ. ಆದರೆ ಆ ಮಾತನ್ನು ಭಾಷಣದಲ್ಲಿ ಮೆಚ್ಚಿ, ಊರಾಚೆ ಗುಡಾರ ಹಾಕಿದವರನ್ನು ಸಂಜೆಯೊಳಗೆ ಎಬ್ಬಿಸಿದರೆ ಮೆಚ್ಚಿದ್ದು ಏನನ್ನು?

ಹಳೆಯ ಮೈಸೂರಿನ ಊರುಗಳಿಗೆ ಇದಕ್ಕೊಂದು ಉತ್ತರ ಗೊತ್ತಿತ್ತು. ಕೋಲಾರದ ಸೀಮೆಯಲ್ಲೂ ಊರಿಗೊಂದು ಗುಂಡುತೋಪು ಇರುತ್ತಿತ್ತು. ಮಾವು, ಹುಣಸೆ, ಹೊಂಗೆ, ನೇರಳೆಯ ಮರಗಳು. ಹತ್ತಿರದಲ್ಲೊಂದು ಕೆರೆಯೋ ಬಾವಿಯೋ. ತೋಪು ಯಾರೊಬ್ಬರದೂ ಅಲ್ಲ. ದಾರಿಹೋಕರ ಗಾಡಿ ಬಿಚ್ಚಲು, ಎತ್ತು ಕಟ್ಟಲು, ಮೂರು ಕಲ್ಲಿಟ್ಟು ಬೇಯಿಸಿಕೊಳ್ಳಲು, ಕುರಿಮಂದೆ ತಂಗಲು ಇದ್ದ ನೆರಳು. ಬಹುಕಾಲ ಹರಿಯುವ ಹೊಳೆಯಿಲ್ಲದ ಒಣಸೀಮೆಯ ಜನ, ತಮಗೇ ನೀರು ಸಾಲದಿದ್ದರೂ, ತಮ್ಮವರಲ್ಲದವರಿಗೆಂದು ನೆರಳು ಬೆಳೆಸಿದ್ದರು. ಆ ಊರುಗಳಲ್ಲಿ ಜಾತಿಯ ಕಟ್ಟು ಬಿಗಿಯಾಗಿತ್ತು, ತೋಪಿನಲ್ಲಿ ನಿಂತವರೆಲ್ಲ ಊರೊಳಗೆ ಬರುವಂತಿರಲಿಲ್ಲ ಎಂಬುದೂ ನಿಜ. ಆದರೂ ‘ಇಲ್ಲಿ ನಿಲ್ಲು, ಬೇಕೆನಿಸಿದಾಗ ಹೋಗು’ ಎಂಬ ಒಪ್ಪಂದ ಆ ಮರಗಳ ಕೆಳಗೆ ಇತ್ತು. ಇವತ್ತು ಎಷ್ಟೋ ಗುಂಡುತೋಪುಗಳು ಒತ್ತುವರಿಯಾಗಿ, ಸೈಟುಗಳಾಗಿ, ಕಟ್ಟಡಗಳಾಗಿ ಕಾಗದದಲ್ಲಷ್ಟೇ ಉಳಿದಿವೆ.

ಪ್ರವಾಸೋದ್ಯಮ ಈಗ ಗಾಡಿಮನೆಗಳ ಕಡೆ ತಿರುಗಿದೆ. ಕೇರಳ 2021ರಲ್ಲಿಯೇ ಕ್ಯಾರವಾನ್ ಪ್ರವಾಸದ ಯೋಜನೆ ತಂದಿತು. ಅವುಗಳಿಗೆ ನಿಲ್ದಾಣ, ನೀರು, ವಿದ್ಯುತ್ತು ಒದಗಿಸಬಹುದು ಎಂದರೆ, ಬಂದವರಿಗೆ ತಂಗಲು ಜಾಗ ಕೊಡುವುದು ನಮಗೆ ಆಗದ ಕೆಲಸವೇನಲ್ಲ. ಉಳಿಯುವ ಪ್ರಶ್ನೆ, ಆ ಜಾಗದಲ್ಲಿ ಎತ್ತು ಹಿಡಿದು ಬಂದವನ ಕುಟುಂಬಕ್ಕೂ ಒಂದು ರಾತ್ರಿ ಇದೆಯೇ ಎಂಬುದು.