ಒಂದೇ ರೆಕ್ಕೆಯ ಕೆಳಗೆ



"ನಮ್ಮ ಮನೆಯಲ್ಲಿ ಭೇದಭಾವ ಎಂಬುದೇ ಇಲ್ಲ. ಎಲ್ಲ ಮಕ್ಕಳಿಗೂ ಒಂದೇ ಊಟ, ಒಂದೇ ಬಟ್ಟೆ, ಒಂದೇ ಶಾಲೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚಿದವರಲ್ಲ ನಾವು." ಈ ಮಾತನ್ನು ನೀವು ಕೇಳಿರಬಹುದು, ನೀವೇ ಆಡಿರಲೂಬಹುದು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಜೊತೆಗೆ ಮಡಿಲಿಗೆ ಬಂದ ಮಗುವೊಂದು ಬೆಳೆಯುತ್ತಿರುವ ಮನೆಗಳಲ್ಲಿ ಈ ಮಾತು ಹೆಚ್ಚಾಗಿ ಕೇಳಿಬರುತ್ತದೆ. ತೀರಿಹೋದ ತಂಗಿಯ ಮಗ, ಮರುಮದುವೆಯಿಂದ ಮನೆಗೆ ಬಂದ ಮಗಳು, ದತ್ತು ತೆಗೆದುಕೊಂಡ ಕೂಸು, ಇಂಥ ಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡು ಚಿಕ್ಕಮ್ಮನ ಮನೆಗೋ ಸೋದರಮಾವನ ಮನೆಗೋ ಬಂದ ಮಕ್ಕಳೂ ಇದ್ದಾರೆ.

ಎಲ್ಲರಿಗೂ ಒಂದೇ ಸಮನಾಗಿ ಕೊಟ್ಟರೆ ಸಾಕೇ? ಅದೇ ಪ್ರೀತಿಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಿಮ್ಮನ್ನು ಇಂದು ಹಿತ್ತಲಿನ ಕೋಳಿಗೂಡಿನ ಬಳಿಗೆ ಕರೆಯುತ್ತಿದ್ದೇನೆ. ಇದೇನು, ಧರ್ಮದ ಮಾತಿಗೂ ಕೋಳಿಗೂಡಿಗೂ ಏನು ಸಂಬಂಧ ಎನ್ನಬೇಡಿ. ಪ್ರಭು ಯೇಸುವೇ ಜೆರುಸಲೇಮಿನ ಮಕ್ಕಳನ್ನು ನೆನೆದು ಮರುಗಿದಾಗ, ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಹೇಂಟೆಗೆ ತನ್ನನ್ನು ಹೋಲಿಸಿಕೊಂಡನು. ಮತ್ತಾಯನ ಶುಭಸಂದೇಶದ 23ನೇ ಅಧ್ಯಾಯದಲ್ಲಿಯೂ ಲೂಕನ 13ನೇ ಅಧ್ಯಾಯದಲ್ಲಿಯೂ ಇದನ್ನು ಓದುತ್ತೇವೆ. ಸಿಂಹ, ಹದ್ದುಗಳ ಹೆಸರು ಹೇಳಬಹುದಾಗಿದ್ದ ಜಾಗದಲ್ಲಿ ಆತ ಮನೆಯಂಗಳದ ಕೋಳಿಯನ್ನು ಆರಿಸಿಕೊಂಡನು.

ಈಗೀಗ ನಮ್ಮ ಕಡೆಯ ಕೆಲವು ತೋಟದ ಮನೆಗಳಲ್ಲಿ ಊರ ಕೋಳಿಯ ಜೊತೆಗೆ ಗಿನಿ ಕೋಳಿಯನ್ನೂ ಸಾಕುತ್ತಾರೆ. ಬೂದು ಮೈ, ಅದರ ತುಂಬ ಮುತ್ತು ಚೆಲ್ಲಿದಂತೆ ಬಿಳಿಯ ಚುಕ್ಕೆ, ಗರಿಯಿಲ್ಲದ ತಲೆ, ತಲೆಯ ಮೇಲೊಂದು ಸಣ್ಣ ಕೋಡು. ಇದರ ಮೂಲ ಆಫ್ರಿಕಾ ಖಂಡ. ಉತ್ತರ ಪ್ರದೇಶದ ಬರೇಲಿಯ ಬಳಿ ಇಜ್ಜತ್‌ನಗರದಲ್ಲಿರುವ ಕೇಂದ್ರ ಪಕ್ಷಿ ಸಂಶೋಧನಾ ಸಂಸ್ಥೆಯವರು ಕಾದಂಬರಿ, ಚಿತಂಬರಿ, ಶ್ವೇತಾಂಬರಿ ಎಂಬ ಮೂರು ಗಿನಿ ಕೋಳಿ ತಳಿಗಳನ್ನು ನಮ್ಮ ದೇಶದ ರೈತರಿಗಾಗಿ ಬೆಳೆಸಿದ್ದಾರೆ. ಗಟ್ಟಿಮುಟ್ಟಾದ ಹಕ್ಕಿ. ಆದರೆ ಮರಿಯಾಗಿದ್ದಾಗ ಬಹಳ ನಾಜೂಕು. ಅದರ ತಾಯಿಯಾದರೋ ಮರಿ ಸಾಕುವುದರಲ್ಲಿ ಅಷ್ಟು ಜಾಣೆಯಲ್ಲ. ಇಬ್ಬನಿ ತುಂಬಿದ ಹುಲ್ಲಿನಲ್ಲಿ ಬೆಳಗ್ಗೆಯೇ ಮರಿಗಳನ್ನು ಎಳೆದುಕೊಂಡು ಹೊರಡುತ್ತದೆ. ನೆನೆದ ಮರಿ ಚಳಿಗೆ ಸೆಟೆದುಕೊಂಡು ಹಿಂದುಳಿಯುತ್ತದೆ, ತಾಯಿ ಮುಂದೆ ಹೋಗಿಬಿಡುತ್ತದೆ. ಆದುದರಿಂದ ಸಾಕುವವರು ಗಿನಿ ಕೋಳಿಯ ಮೊಟ್ಟೆಗಳನ್ನು ಕಾವಿಗೆ ಕುಳಿತ ಊರ ಹೇಂಟೆಯ ಕೆಳಗೆ ಇಡುತ್ತಾರೆ. ಅಲ್ಲಿ ಕೋಳಿಮರಿ, ಗಿನಿಮರಿ ಎರಡೂ ಒಂದೇ ತಾಯಿಯ ಆಶ್ರಯದಲ್ಲಿ ಬೆಳೆಯುತ್ತವೆ. ಹೀಗೆ ಬೆಳೆಸುವವರು ತಿಳಿದಿರಬೇಕಾದ ಕೆಲವು ಸಂಗತಿಗಳು ತಂದೆತಾಯಿಯರಾದ ನಮಗೂ ಬೇಕಾದವು.

ಮೊದಲನೆಯದು, ಕಾಯುವ ದಿನಗಳ ಲೆಕ್ಕ. ಕೋಳಿಮೊಟ್ಟೆ ಒಡೆಯಲು 21 ದಿನ ಬೇಕು. ಗಿನಿ ಕೋಳಿಯ ಮೊಟ್ಟೆಗೆ 26ರಿಂದ 28 ದಿನ. ಎರಡನ್ನೂ ಒಂದೇ ದಿನ ಇಟ್ಟರೆ ಏನಾಗುತ್ತದೆ? 21ನೆಯ ದಿನ ಕೋಳಿಮರಿಗಳು ಹೊರಬರುತ್ತವೆ. ಒಂದೆರಡು ದಿನದಲ್ಲಿ ಹೇಂಟೆ ಅವುಗಳನ್ನು ಮೇಯಿಸಲು ಗೂಡು ಬಿಟ್ಟು ಏಳುತ್ತದೆ. ಹಿಂದೆ ಉಳಿದ ಗಿನಿ ಮೊಟ್ಟೆಗಳು ತಣ್ಣಗಾಗುತ್ತವೆ. ಒಳಗೆ ಜೀವ ತುಂಬಿಕೊಂಡು ಇನ್ನೇನು ಒಂದು ವಾರದಲ್ಲಿ ಹೊರಬರಬೇಕಾಗಿದ್ದ ಮರಿ ಅಲ್ಲಿಯೇ ಸಾಯುತ್ತದೆ. ಹೇಂಟೆಯದು ತಪ್ಪಲ್ಲ. ಅದು ಎರಡಕ್ಕೂ ಒಂದೇ ಸಮನಾದ ಕಾವು ಕೊಟ್ಟಿತ್ತು. ಆದರೆ ಒಂದಕ್ಕೆ ಇನ್ನೂ ಏಳು ದಿನ ಬೇಕಾಗಿತ್ತು. ಬಲ್ಲವರು ಗಿನಿ ಮೊಟ್ಟೆಗಳನ್ನು ಮೊದಲು ಇಟ್ಟು, ಒಂದು ವಾರ ಕಳೆದ ಮೇಲೆ ಕೋಳಿಮೊಟ್ಟೆಗಳನ್ನು ಸೇರಿಸುತ್ತಾರೆ. ಆಗ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೆ ಒಡೆಯುತ್ತವೆ. ಇಷ್ಟು ದಿನ ಕೂರಲು ಗಟ್ಟಿಯಾಗಿ ಕಾವು ಹಿಡಿದ ಹೇಂಟೆಯೇ ಬೇಕು. ಅದರ ಬಳಿಯೇ ನೀರು, ಕಾಳು ಇಡಬೇಕು.

ಪ್ರಿಯರೇ, ದುಃಖವನ್ನು ದಾಟಿ ನಿಮ್ಮ ಮನೆಗೆ ಬಂದ ಮಗುವಿನ ಮನಸ್ಸೂ ಹೀಗೆಯೇ. "ಬಂದು ಒಂದು ವರ್ಷವಾಯಿತು, ಇನ್ನೂ ಅಮ್ಮ ಎಂದು ಕರೆಯುವುದಿಲ್ಲ. ತಟ್ಟೆಯಲ್ಲಿದ್ದ ರೊಟ್ಟಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತದೆ. ನಮ್ಮ ಮಕ್ಕಳು ಹೀಗಿರಲಿಲ್ಲ" ಎಂದು ನೊಂದುಕೊಳ್ಳುವವರಿದ್ದಾರೆ. ಆ ಮಗು ಕೆಟ್ಟದ್ದಲ್ಲ, ಕೃತಘ್ನವೂ ಅಲ್ಲ. ಅದಕ್ಕೆ ಇನ್ನೂ ಕಾವು ಬೇಕಾಗಿದೆ. 21ನೆಯ ದಿನಕ್ಕೇ ನಾವು ಗೂಡು ಬಿಟ್ಟು ಎದ್ದುಬಿಟ್ಟರೆ ಒಳಗಿನ ಜೀವ ತಣ್ಣಗಾಗುತ್ತದೆ.

ಎರಡನೆಯದು, ರೆಕ್ಕೆಯೊಳಗೆ ಸೇರಿಸುವ ರೀತಿ. ಕೆಲವೊಮ್ಮೆ ಹೇಂಟೆಗೆ ತನ್ನ ಮರಿಗಳು ಆಗಲೇ ಹುಟ್ಟಿರುತ್ತವೆ, ಗಿನಿಮರಿಗಳನ್ನು ಬೇರೆ ಕಡೆಯಿಂದ ತಂದಿರುತ್ತಾರೆ. ಹಗಲು ಹೊತ್ತಿನಲ್ಲಿ ಅವನ್ನು ಅದರ ಮುಂದೆ ಬಿಟ್ಟರೆ ಬಣ್ಣ ಬೇರೆಯೆಂದು ಕಂಡು ಕುಕ್ಕಿ ಓಡಿಸಬಹುದು. ತಿಳಿದವರು ರಾತ್ರಿಯಾಗುವುದನ್ನು ಕಾಯುತ್ತಾರೆ. ಹುಟ್ಟಿ ಒಂದೆರಡು ದಿನವಾದ ಗಿನಿಮರಿಗಳನ್ನು ಕತ್ತಲಲ್ಲಿ ಸದ್ದಿಲ್ಲದೆ ಒಂದೊಂದಾಗಿ ರೆಕ್ಕೆಯ ಕೆಳಗೆ ಸರಿಸುತ್ತಾರೆ. ಬೆಳಗಾಗುವಾಗ ಹೇಂಟೆ ಅವನ್ನು ತನ್ನವೆಂದೇ ಒಪ್ಪಿಕೊಂಡಿರುವುದುಂಟು. ಬೆಳಗ್ಗೆ ಬೇಗ ಎದ್ದು ನೋಡುವುದು ಮಾತ್ರ ಅಗತ್ಯ.

ನಾವು ಎಷ್ಟೋ ಸಲ ಇದಕ್ಕೆ ವಿರುದ್ಧವಾಗಿ ನಡೆಯುತ್ತೇವೆ. ಮಗುವನ್ನು ಮನೆಗೆ ಕರೆತಂದ ಮೇಲೆ ಬಂದವರೆದುರಿಗೆಲ್ಲ ಅದರ ಕಥೆ ಹೇಳುತ್ತೇವೆ. "ಇವನು ನಮ್ಮವನಲ್ಲ, ಆದರೂ ಸಾಕುತ್ತಿದ್ದೇವೆ" ಎನ್ನುತ್ತೇವೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಪ್ರಭು ಬೋಧಿಸಿದ್ದು ದಾನದ ಹಣಕ್ಕೆ ಮಾತ್ರವೇ? ಮಗುವಿಗೆ ತನ್ನ ಹುಟ್ಟಿನ ಸತ್ಯವನ್ನು ಮನೆಯವರು ಪ್ರೀತಿಯಿಂದ, ಸಕಾಲದಲ್ಲಿ ಹೇಳಲೇಬೇಕು. ಆದರೆ ಅದನ್ನು ಊರಿಗೆಲ್ಲ ಸಾರುವ ಹಕ್ಕು ನಮಗಿಲ್ಲ.

ಮೂರನೆಯದು, ಆಹಾರ. ನಮ್ಮ ವಿಷಯದ ತಿರುಳು ಇಲ್ಲಿದೆ. ಕೋಳಿಮರಿಗೆ ಮೊದಲ ವಾರಗಳಲ್ಲಿ ಶೇಕಡ 20ರಷ್ಟು ಪ್ರೋಟೀನ್ ಇರುವ ಆಹಾರ ಸಾಕು. ಗಿನಿಮರಿಗೆ ಶೇಕಡ 24ರಷ್ಟಾದರೂ ಬೇಕು. ಬರಿಯ ಅಕ್ಕಿ ನುಚ್ಚು ಹಾಕಿ ಎರಡನ್ನೂ ಬೆಳೆಸಲು ಹೊರಟರೆ ಕೋಳಿಮರಿ ಹೇಗೋ ಕೆದಕಿ ತಿಂದು ಬದುಕೀತು, ಗಿನಿಮರಿ ಸೊರಗುತ್ತದೆ. ಒಂದೇ ಗೂಡಿನಲ್ಲಿ ಎರಡು ತಟ್ಟೆ ಇಟ್ಟು, ಇದು ನಿನ್ನದು ಅದು ಅವನದು ಎಂದು ಮರಿಗಳಿಗೆ ಹೇಳಲಾಗುತ್ತದೆಯೇ? ಹಾಗಾದರೆ ಏನು ಮಾಡುವುದು? ಹೆಚ್ಚು ಅಗತ್ಯವಿರುವ ಮರಿಯನ್ನು ನೋಡಿ ಇಡೀ ಗೂಡಿನ ಆಹಾರವನ್ನು ತಯಾರಿಸುತ್ತಾರೆ. ಹಳ್ಳಿಯ ಮನೆಗಳಲ್ಲಿ ಗೆದ್ದಲು ಹುಳುಗಳನ್ನು ತಂದು ಉದುರಿಸುತ್ತಾರೆ, ಬೇಯಿಸಿದ ಮೊಟ್ಟೆಯನ್ನು ಪುಡಿ ಮಾಡಿ ಹಾಕುತ್ತಾರೆ. ಆ ಕೆಲವು ವಾರ ಸ್ವಲ್ಪ ಹೆಚ್ಚು ಪುಷ್ಟಿ ಸಿಕ್ಕಿದರೆ ಕೋಳಿಮರಿಗೇನೂ ಕೇಡಿಲ್ಲ. ಕಡಿಮೆಯಾದರೆ ಗಿನಿಮರಿ ಉಳಿಯುವುದಿಲ್ಲ.

ಔಷಧದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೋಳಿಮರಿಗೆಂದು ಔಷಧ ಬೆರೆಸಿ ಮಾರುವ ಆಹಾರಗಳೆಲ್ಲ ಗಿನಿಮರಿಗೆ ಒಗ್ಗುವುದಿಲ್ಲ. ಪಶುವೈದ್ಯರನ್ನು ಕೇಳಿಯೇ ಕೊಡಬೇಕು. ಒಬ್ಬನನ್ನು ತಿದ್ದುವ ಗದರಿಕೆ ಇನ್ನೊಬ್ಬನ ಎದೆಯನ್ನು ಒಡೆಯಬಹುದು ಎಂಬುದು ಮಕ್ಕಳನ್ನು ಬೆಳೆಸಿದವರಿಗೆ ಗೊತ್ತಿಲ್ಲದ್ದೇನಲ್ಲ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 12ನೇ ಅಧ್ಯಾಯದಲ್ಲಿ ಸಂತ ಪೌಲರು ದೇಹದ ಅಂಗಗಳ ಬಗ್ಗೆ ಹೇಳುವುದೂ ಇದನ್ನೇ. ಬಲಹೀನವಾಗಿ ಕಾಣುವ ಅಂಗಕ್ಕೆ ದೇವರು ಹೆಚ್ಚಿನ ಮಾನ ಕೊಟ್ಟು ದೇಹವನ್ನು ಜೋಡಿಸಿದ್ದಾರೆ. ಎಲ್ಲರಿಗೂ ಒಂದೇ ಅಳತೆ ಎಂಬುದು ಅಂಗಡಿಯ ನ್ಯಾಯ. ಯಾರಿಗೆ ಎಷ್ಟು ಬೇಕೋ ಅಷ್ಟು ಎಂಬುದು ಮನೆಯ ನ್ಯಾಯ. ಮನೆಯ ನಿಯಮಗಳನ್ನು ಅತಿ ಬಲವಾದ ಮಗುವನ್ನು ನೋಡಿ ಮಾಡುತ್ತೀರೋ, ಅತಿ ನೊಂದ ಮಗುವನ್ನು ನೋಡಿ ಮಾಡುತ್ತೀರೋ? ರಾತ್ರಿ ದೀಪ ಆರಿಸುವ ಮುಂಚೆ ಹತ್ತು ನಿಮಿಷ ಹಾಸಿಗೆಯ ಬಳಿ ಕೂರುವ ಅಭ್ಯಾಸ ಆ ಒಂದು ಮಗುವಿಗಾಗಿ ಶುರುವಾದರೂ, ಉಳಿದ ಮಕ್ಕಳಿಗೂ ಅದರಿಂದ ಒಳ್ಳೆಯದೇ ಆಗುತ್ತದೆ.

ನಾಲ್ಕನೆಯದು, ನೋಡುವ ಕಣ್ಣು. ಹೇಂಟೆ ಇಲ್ಲದಿದ್ದರೆ ಬಲ್ಬಿನ ಶಾಖದಲ್ಲಿ ಮರಿ ಬೆಳೆಸುತ್ತಾರೆ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಕಡಿಮೆ ಮಾಡುತ್ತಾ ಬರಬೇಕು. ಆದರೆ ಅನುಭವಿಗಳು ನೋಡುವುದು ಮರಿಗಳನ್ನು. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪುಗೂಡಿದರೆ ಚಳಿಯಾಗಿದೆ ಎಂದರ್ಥ. ಕೊಕ್ಕು ತೆರೆದು ದೂರ ಹೋಗಿ ನಿಂತರೆ ಸೆಕೆಯಾಗಿದೆ. ನುಣುಪಾದ ಕಾಗದದ ಮೇಲೆ ಬಿಟ್ಟರೆ ಮರಿಯ ಕಾಲು ಜಾರಿ ಅಗಲವಾಗಿ ಊನವಾಗುತ್ತದೆಂದು ಗೋಣಿತಟ್ಟು ಹಾಸುತ್ತಾರೆ. ಕುಡಿಯುವ ನೀರಿನ ತಟ್ಟೆಯಲ್ಲಿಯೇ ಬಿದ್ದು ಗಿನಿಮರಿ ಸಾಯಬಹುದೆಂದು ಆಳವಿಲ್ಲದ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ಹಾಕುತ್ತಾರೆ. ಇವೆಲ್ಲ ಸಣ್ಣ ಸಣ್ಣ ಕೆಲಸಗಳು. ಆದರೆ ಮರಿ ಉಳಿಯುವುದು ಇವುಗಳಿಂದಲೇ. ನಿಮ್ಮ ಮನೆಯಲ್ಲಿ ಯಾವ ಮಗು ಮೂಲೆಗೆ ಸರಿದು ನಿಂತಿದೆ? ಯಾವ ಮಗು ಸುಮ್ಮನಾಗಿದೆ? ನಾವು ಎಷ್ಟು ಕೊಟ್ಟಿದ್ದೇವೆ ಎಂಬುದನ್ನು ಬಿಟ್ಟು ಮಗು ಹೇಗಿದೆ ಎಂದು ನೋಡೋಣ.

ಐದನೆಯದು, ಬೇರೆಯಾಗಿಯೇ ಇರುವ ಹಕ್ಕು. ಹೇಂಟೆಯ ಜೊತೆ ಬೆಳೆದರೂ ಗಿನಿ ಕೋಳಿ ಊರ ಕೋಳಿಯಾಗುವುದಿಲ್ಲ. ಬೇಗನೆ ಹಾರಲು ಕಲಿಯುತ್ತದೆ, ಮರದ ಕೊಂಬೆಯನ್ನು ಬಯಸುತ್ತದೆ, ಗಟ್ಟಿಯಾಗಿ ಕೂಗುತ್ತದೆ. ಬೆಳೆದ ಮೇಲೆ ಗಂಡು ಗಿನಿ ಕೋಳಿ ಹುಂಜವನ್ನು ಅಟ್ಟಿಸಿಕೊಂಡು ಹೋಗುವುದೂ ಉಂಟು. ಆಗ ಇಕ್ಕಟ್ಟಿನ ಗೂಡು ಸಾಲದು. ವಿಶಾಲವಾದ ಜಾಗ ಬೇಕು, ಕಾಳು ಹಾಕುವ ಕಡೆಗಳು ಎರಡಾದರೂ ಬೇಕು. ಜೊತೆಗೆ ಬೆಳೆದದ್ದರ ಫಲವೂ ಕಾಣುತ್ತದೆ. ಕೋಳಿಗಳ ಸಹವಾಸದಲ್ಲಿ ಬೆಳೆದ ಗಿನಿ ಕೋಳಿಗಳಿಗೆ ಸಂಜೆ ಗೂಡಿಗೆ ಮರಳುವ ಅಭ್ಯಾಸ ಸುಲಭವಾಗಿ ಬರುತ್ತದೆ. ಹದ್ದೋ ಹಾವೋ ಕಂಡರೆ ಗಿನಿ ಕೋಳಿ ಕೂಗಿ ಇಡೀ ಅಂಗಳವನ್ನು ಎಚ್ಚರಿಸುತ್ತದೆ. ಯಾವ ಮರಿ ಹೆಚ್ಚು ಆರೈಕೆ ಬೇಡಿತ್ತೋ ಅದೇ ಈಗ ಎಲ್ಲರ ಕಾವಲುಗಾರ. ಮಡಿಲಿಗೆ ಬಂದ ಮಗು ನಮ್ಮ ಮಕ್ಕಳ ಪಡಿಯಚ್ಚಾಗಲಿ ಎಂದು ಆಶಿಸಬೇಡಿ. ಅದು ದೇವರು ಮಾಡಿದಂತೆ ಬೆಳೆಯಲಿ.

ಶ್ರೀಗ್ರಂಥದಲ್ಲಿ ಇಂಥ ಮಕ್ಕಳ ಸಾಲೇ ಇದೆ. ಮೋಶೆ ಫರೋಹನ ಮಗಳ ಮಡಿಲಲ್ಲಿ ಬೆಳೆದನು. ತಂದೆತಾಯಿ ಇಲ್ಲದ ಎಸ್ತೇರಳನ್ನು ಬಂಧುವಾದ ಮೊರ್ದೆಕೈ ಮಗಳಂತೆ ಸಾಕಿದನು. ಇಬ್ಬರೂ ಮುಂದೆ ತಮ್ಮ ಜನರನ್ನು ಉಳಿಸಿದರು. ನಮ್ಮ ಪ್ರಭುವನ್ನೇ ಸಂತ ಜೋಸೆಫರು ತಮ್ಮ ಮನೆಗೆ ಬರಮಾಡಿಕೊಂಡು ಹೆಸರಿಟ್ಟು, ಈಜಿಪ್ಟಿಗೆ ಹೊತ್ತೊಯ್ದು ಕಾಪಾಡಿ, ತಮ್ಮ ಕಸುಬಿನ ನಡುವೆ ಬೆಳೆಸಿದರು. ನಾವೆಲ್ಲರೂ ದೇವರ ದತ್ತುಮಕ್ಕಳೆಂದು ಸಂತ ಪೌಲರು ರೋಮನರಿಗೆ ಬರೆದರು. ಹಾಗಾದರೆ ದೇವರ ಮನೆಯಲ್ಲಿ ನಾವೇ ಗಿನಿಮರಿಗಳಲ್ಲವೇ? ನಮ್ಮಲ್ಲಿ ಯಾರು ರೆಕ್ಕೆಯ ಕೆಳಗೆ ತನ್ನ ಹಕ್ಕಿನಿಂದ ಬಂದವರು?

ಧರ್ಮಸಭೆಯ ನಿಯಮವೂ ಸ್ಪಷ್ಟವಾಗಿದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 110ನೆಯ ವಿಧಿಯ ಪ್ರಕಾರ, ದೇಶದ ಕಾನೂನಿನಂತೆ ದತ್ತು ಪಡೆದ ಮಗು ಪಡೆದವರ ಮಗುವೇ. ಒಂದು ಕಾಲದಲ್ಲಿ ನಮ್ಮ ದೇಶದ ಕ್ರೈಸ್ತ ದಂಪತಿಗಳು 1890ರ ಕಾಯ್ದೆಯಡಿ ಪೋಷಕರಾಗಬಹುದಿತ್ತೇ ಹೊರತು ಕಾನೂನಿನ ಕಣ್ಣಿನಲ್ಲಿ ಅಪ್ಪ ಅಮ್ಮ ಆಗುವುದು ಕಷ್ಟವಾಗಿತ್ತು. ಈಗ 2015ರ ಬಾಲನ್ಯಾಯ ಕಾಯ್ದೆಯಂತೆ ಯಾವ ಮತದವರಾದರೂ ದತ್ತು ಪಡೆಯಬಹುದು. ಆ ಮಗುವಿಗೆ ಮನೆಮಗುವಿನ ಹಕ್ಕುಗಳೆಲ್ಲ ದೊರೆಯುತ್ತವೆ. ಕಾನೂನು ಮಗುವನ್ನು ಗೂಡಿನೊಳಗೆ ಸೇರಿಸಬಲ್ಲದು. ಕಾವು ಕೊಡಬೇಕಾದವರು ನಾವು.

ಧರ್ಮಕೇಂದ್ರದ ನೆರೆಹೊರೆಯವರಿಗೂ ಒಂದು ಮಾತು. ದೇವಾಲಯದ ಅಂಗಳದಲ್ಲಿ "ಯಾರ ಹಾಗಿದ್ದಾನೆ ಇವನು?" ಎಂದು ಕೇಳಬೇಡಿ. "ಹೆತ್ತವರಿಗೆ ಹೆಗ್ಗಣ ಮುದ್ದು" ಎಂಬ ಗಾದೆಯಿದೆ. ಹೆರದೆಯೇ ಮುದ್ದಿಸುವವರ ಪ್ರೀತಿ ಅದಕ್ಕಿಂತ ಕಡಿಮೆಯದಲ್ಲ. ಆ ತಾಯಿಗೆ ಬೇಕಾದುದು ಒಂದು ಮಧ್ಯಾಹ್ನದ ಬಿಡುವು, ಒಂದು ಒಳ್ಳೆಯ ಮಾತು. ಸ್ವಂತ ಮಕ್ಕಳನ್ನೂ ಮರೆಯಬೇಡಿ. ತಮ್ಮ ಗೂಡನ್ನು ಹಂಚಿಕೊಂಡವರು ಅವರು. ಅವರ ಅಸಮಾಧಾನವನ್ನು ಗದರಿ ಮುಚ್ಚಿಸದೆ, ಹತ್ತಿರ ಕೂರಿಸಿ ಕೇಳಿ. ಅವರಿಗೂ ರೆಕ್ಕೆಯಡಿ ಜಾಗವಿದೆ ಎಂದು ಗೊತ್ತಾಗಲಿ.

ಈ ವಾರ ಮನೆಯಲ್ಲಿ ಜಪಸರ ಮುಗಿದ ಮೇಲೆ ಒಂದೊಂದು ಮಗುವಿನ ಹೆಸರನ್ನೂ ಬೇರೆ ಬೇರೆಯಾಗಿ ಹೇಳಿ ಪ್ರಾರ್ಥಿಸಿರಿ. "ಎಲ್ಲ ಮಕ್ಕಳನ್ನೂ ಕಾಪಾಡು" ಎಂದು ಒಟ್ಟಾಗಿ ಹೇಳಿ ಮುಗಿಸಬೇಡಿ. ಈ ಮಗುವಿಗೆ ಈಗ ಏನು ಬೇಕು ಎಂದು ದೇವರನ್ನು ಕೇಳಿರಿ.

ದಯಾಮಯ ತಂದೆಯೇ, ಹೇಂಟೆಯಂತೆ ನಮ್ಮನ್ನು ಬಳಿಗೆ ಸೇರಿಸಿಕೊಳ್ಳುವವರು ನೀವು. ನಮ್ಮ ಮನೆಗಳಿಗೆ ನೀವು ಕಳುಹಿಸಿದ ಮಕ್ಕಳನ್ನು ಅವರವರ ಅಗತ್ಯಕ್ಕೆ ತಕ್ಕಂತೆ ಪ್ರೀತಿಸಲು ನಮಗೆ ಕಲಿಸಿರಿ. ಅವರು ಸಾವಕಾಶವಾಗಿ ಅರಳುವಾಗ ಕಾಯುವ ತಾಳ್ಮೆ ಕೊಡಿರಿ. ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.